ಬಾಗಲಕೋಟೆ ಕಡೆಯವರು ಓದಿ: '24 ಗಂಟೆ ಹೆರಿಗೆ' ಬೋರ್ಡ್ ನಂಬಿ ನಾನು ಕೆಟ್ಟೆ

ದವಾಖಾನೆಯ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ವಕೀಲರು ಬೇಡ ಅಂದಿದ್ದಾರೆ. ಬಾಗಲಕೋಟೆಯ ಒಂದು ಖಾಸಗಿ ನರ್ಸಿಂಗ್ ಹೋಮ್, ಅಷ್ಟೇ.

"ಸರಕಾರಿ ದವಾಖಾನಿಗೆ ತೋರ್ಸೂಣು" ಅಂತ ನಮ್ಮತ್ತೆ ಮೊದಲೇ ಹೇಳಿದ್ದರು. ನಾನು ನಕ್ಕೆ. ಆ ನಗು ಈಗಲೂ ಚುಚ್ಚುತ್ತದೆ.

ಹೆಂಡತಿಯ ಎಂಟನೇ ತಿಂಗಳ ಸ್ಕ್ಯಾನ್‌ನಲ್ಲಿ "ಹೊಕ್ಕುಳಬಳ್ಳಿ ಕೊರಳಿಗೆ ಸುತ್ತೇತಿ" ಅಂದರು. ಯಾರಿಗೆ ಹೆದರಿಕೆ ಆಗಲ್ಲ ಹೇಳಿ? ಮೂರು ಸಲ ಡಾಪ್ಲರ್ ಸ್ಕ್ಯಾನ್, ಅಂದರೆ ಬಳ್ಳಿಯಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುವುದು. ಮೂರು ಸಲವೂ ದುಡ್ಡು. ಬಳ್ಳಿ ಸುತ್ತಿರುವುದು ನಾಲ್ಕೈದು ಕೂಸಿಗೆ ಒಂದರಲ್ಲಿ ಕಾಣುತ್ತದಂತೆ, ಜಾಸ್ತಿ ಸಲ ಹೆರಿಗೆಯಲ್ಲೇ ಬಿಡಿಸಿ ತೆಗೀತಾರಂತೆ. ಇದನ್ನು ಆಮೇಲೆ ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಹೇಳಿದರು.

ನಿಜವಾಗಿ ಹೆದರಬೇಕಾದದ್ದು ಅದೇ ರಿಪೋರ್ಟಿನ ಕೆಳಗಿತ್ತು. ಕೂಸಿನ ತಲೆ ಮೇಲೆ, ಕಾಲು ಕೆಳಗೆ. ಗರ್ಭದ ನೀರು ಜಾಸ್ತಿ. ಹೀಗಿದ್ದಾಗ ನೀರು ಒಡೆದರೆ ಕೂಸಿಗಿಂತ ಮೊದಲು ಬಳ್ಳಿಯೇ ಜಾರಿ ಹೊರಗೆ ಬರಬಹುದು. ತಲೆ ಕೆಳಗಿದ್ದರೆ ಬಿರಡೆಯ ಹಾಗೆ ದಾರಿ ಮುಚ್ಚಿರುತ್ತದೆ, ಕಾಲಿದ್ದರೆ ಸಂದು ಉಳಿಯುತ್ತದೆ. ನಾನು ಕೇಳಿದ್ದೆ ಕೂಡ. "ಇನ್ನೂ ಟೈಮ್ ಐತಿ, ತಿರಗ್ತೈತಿ ಬಿಡ್ರಿ" ಅಂದರು. ಅಷ್ಟೇ!

37 ವಾರ ತುಂಬಿತ್ತು. ರಾತ್ರಿ ಎರಡೂವರೆಗೆ ಕೊಡ ಬೋರಲು ಹಾಕಿದ ಹಾಗೆ ನೀರು ಹೋಯಿತು. ಫೋನ್ ಮಾಡಿದೆ.

"ಬ್ಯಾನಿ ಬರಾಕತ್ತಾವೇನ್ರಿ?"

"ಇಲ್ಲ."

"ಹಂಗಾರ ಮುಂಜಾನೆ ಎಂಟಕ್ಕ ಬರ್ರಿ. ಡಾಕ್ಟರ್ ಮಲಗ್ಯಾರ."

ನಾನು ಕೇಳಿಕೊಂಡು ಸುಮ್ನೆ ಕೂತೆ. ಡಿಗ್ರಿ ಓದಿದವನು, ಸುಮ್ನೆ ಕೂತೆ. ಇಪ್ಪತ್ತು ನಿಮಿಷಕ್ಕೆ ಹೆಂಡತಿ ಕೂಗಿದಳು, ಏನೋ ಹೊರಗೆ ಜೋತಾಡುತ್ತಿದೆ ಅಂತ. ಬೆರಳು ದಪ್ಪ, ತಿರುಚಿದ ಹಗ್ಗದಂಥದ್ದು. ಮಿಡಿಯುತ್ತಿತ್ತು.

ಕಾರಿನಲ್ಲಿ ಅಲ್ಲಿಗೇ ಓಡಿದೆವು. ಸಿಸ್ಟರ್ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಅರವಳಿಕೆ ಡಾಕ್ಟರ್ ಊರಾಗಿಲ್ರಿ. ಜಿಲ್ಲಾ ಆಸ್ಪತ್ರಿಗೆ ಹೋಗ್ರಿ." ಅವಳ ತಲೆ ಮೇಲೆ ಕೆಂಪು ಲೈಟಿನಲ್ಲಿ '24 ಗಂಟೆ' ಉರಿಯುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಅಡ್ವಾನ್ಸ್ ಕಟ್ಟಿದ ರಸೀದಿ ಜೇಬಿನಲ್ಲೇ ಇತ್ತು.

108ಕ್ಕೆ ಫೋನ್ ಮಾಡಿದ್ದು ಅತ್ತೆ, ನಾನಲ್ಲ. ಅದರಲ್ಲಿ ಬಂದವರು ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಸೊಂಟದ ಕೆಳಗೆ ದಿಂಬು ಕೊಟ್ಟರು. ಗ್ಲೌಸ್ ಹಾಕಿದ ಕೈಯಿಂದ ಕೂಸನ್ನು ಒಳಗಿನಿಂದಲೇ ಮೇಲಕ್ಕೆತ್ತಿ ಹಿಡಿದರು, ಥಿಯೇಟರ್ ಬಾಗಿಲವರೆಗೂ ಬಿಡಲಿಲ್ಲ. ಕೂಸಿನ ಭಾರ ಬಳ್ಳಿ ಮೇಲೆ ಬಿದ್ದರೆ ರಕ್ತ, ಆಮ್ಲಜನಕ ಎರಡೂ ನಿಲ್ಲುತ್ತವೆ. ಅಲ್ಲಿ ಲೆಕ್ಕ ನಿಮಿಷಗಳದ್ದು. ನಮಗೆ ಎಂಟಕ್ಕೆ ಬನ್ನಿ ಅಂದಿದ್ದರು!

ಸಿಸೇರಿಯನ್ ಆಯಿತು. ಕೂಸು ಅಳಲಿಲ್ಲ. ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಉಸಿರು ಕೊಟ್ಟರು. ನವಜಾತ ಶಿಶು ಘಟಕದಲ್ಲಿ ಹನ್ನೊಂದು ದಿನ. ಎರಡನೇ ದಿನ ಒಮ್ಮೆ ಫಿಟ್ಸ್ ಬಂತು. ಈಗ ನಾಲ್ಕು ತಿಂಗಳು. ಕತ್ತು ಇನ್ನೂ ಪೂರ್ತಿ ನಿಂತಿಲ್ಲ, ತೋರಿಸುತ್ತಾ ಇರಬೇಕು ಅಂದಿದ್ದಾರೆ.

ನರ್ಸಿಂಗ್ ಹೋಮಿಗೆ ಹೋಗಿ ಕೇಳಿದೆ. "ಬಳ್ಳಿ ಜಾರೂದು ಯಾರ ಕೈಯಾಗೈತ್ರಿ?" ಜಾರುವುದು ನಿಮ್ಮ ಕೈಲಿಲ್ಲ, ಒಪ್ಪಿದೆ. ಫೋನ್‌ನಲ್ಲಿ ಏನು ಹೇಳಬೇಕು ಅನ್ನೋದು ನಿಮ್ಮ ಕೈಲಿತ್ತಲ್ವಾ? "ನಮ್ಮವ್ರು ಹಂಗ ಹೇಳೇ ಇಲ್ಲ." ಕಾಲ್ ಲಿಸ್ಟ್ ತೋರಿಸಿದೆ. "ಕೂಸು ಬದುಕೇತಲ್ರಿ, ಮತ್ಯಾಕ ಜಗಳ?" ದಾಖಲೆಯ ನಕಲು ಬರೆದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನೋ ನಿಯಮ ಇದೆ. ಬರೆದು ಕೊಟ್ಟೆ. ಹತ್ತೊಂಬತ್ತು ದಿನವಾಯಿತು.

ನನ್ನಂತೆ ಸುಮ್ನೆ ಕೂರಬೇಡಿ. ತಲೆ ಮೇಲಿದ್ದು ನೀರು ಒಡೆದರೆ ನೋವು ಇರಲಿ ಬಿಡಲಿ, ತಕ್ಷಣ ಹೊರಡಿ. ಬಳ್ಳಿ ಕಂಡರೆ 108ಕ್ಕೆ ಹೇಳಿ, ಬರುವ ತನಕ ಮೊಣಕಾಲೂರಿಸಿ ಎದೆ ತಗ್ಗಿಸಿ, ಸೊಂಟ ಮೇಲಿರುವ ಹಾಗೆ ಬಾಗಿಸಿ. ಬಳ್ಳಿಯನ್ನು ಒಳಗೆ ತುರುಕಬೇಡಿ. ದುಡ್ಡು ಕಟ್ಟುವ ಮೊದಲು ರಾತ್ರಿ ಅರವಳಿಕೆ ಡಾಕ್ಟರ್ ಯಾರು ಅಂತ ಕೇಳಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಮೊನ್ನೆ ಅದೇ ನಂಬರಿನಿಂದ ಮೆಸೇಜ್ ಬಂತು. ಕೂಸಿನ ಲಸಿಕೆಗೆ ರಿಯಾಯಿತಿ ಕೊಡುತ್ತಾರಂತೆ.