ಬ್ಲೂಟೂತ್ ಕ್ಯೂಬ್: ಆ್ಯಪ್ ತಲೆನೋವು, ಲೆಕ್ಕ ಮಾತ್ರ ಪಕ್ಕಾ

ನಾನು ತಗೊಂಡಿದ್ದು ಬ್ಲೂಟೂತ್ ಕ್ಯೂಬ್, ಅಂದರೆ ಪ್ರತಿ ತಿರುವನ್ನೂ ಫೋನಿಗೆ ಕಳಿಸುವ ರೂಬಿಕ್ಸ್ ಕ್ಯೂಬ್. ಮೊದಲು ಅದರ ಆ್ಯಪ್‌ಗೆ ಬೈದು ಮುಗಿಸುತ್ತೇನೆ. ತೆರೆದರೆ ಲಾಗಿನ್ ಕೇಳುತ್ತದೆ, ಲೊಕೇಶನ್ ಆನ್ ಮಾಡಿ ಅನ್ನುತ್ತದೆ, ಆಮೇಲೆ ಯಾರ ಜೊತೆಗೋ ರೇಸ್ ಆಡಿ ಅಂತ ಪೀಡಿಸುತ್ತದೆ. ನನಗೆ ಬೇಕಿದ್ದಿದ್ದು ಒಂದು ಟೈಮರ್. ಅದೂ ನೆಟ್ಟಗಿಲ್ಲ. ಸ್ವಲ್ಪ ಜೋರಾಗಿ ತಿರುಗಿಸಿದರೆ ಒಂದೆರಡು ಮೂವ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಕೈಯಲ್ಲಿರುವ ಕ್ಯೂಬ್ ಪೂರ್ತಿ ಸಾಲ್ವ್ ಆಗಿರುತ್ತದೆ. ಪರದೆ ಮೇಲಿನದು ಇನ್ನೂ ಬಣ್ಣ ಕಲಸಿಕೊಂಡು ಕೂತಿರುತ್ತದೆ. ಟೈಮರ್ ಓಡುತ್ತಲೇ ಇರುತ್ತದೆ. ಒಳ್ಳೆ ಟೈಮ್ ಬರುವ ಹೊತ್ತಿಗೇ ಹೀಗಾಗಬೇಕಾ?

ಕಂಪನಿ ಹೆಸರು ಬೇಡ ಬಿಡಿ. ವಾಪಸ್ ಕಳಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ಸಿಎಸ್‌ಟೈಮರ್ ಅನ್ನುವ ಉಚಿತ ವೆಬ್‌ಸೈಟಿಗೂ ಇದನ್ನು ಜೋಡಿಸಬಹುದು ಅಂತ ಗೊತ್ತಾಯಿತು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಸಲೀಸಾಗಿ ಆಗುತ್ತದೆ. ಐಫೋನಿನವರಿಗೆ ಸಫಾರಿಯಲ್ಲಿ ಆಗುವುದಿಲ್ಲ, ನೋಡಿಕೊಂಡು ತಗೊಳ್ಳಿ. ಕಂಪನಿಯ ಆ್ಯಪ್ ಅವತ್ತೇ ಡಿಲೀಟ್. ಕ್ಯೂಬ್ ಮನೆಯಲ್ಲಿ ಉಳಿಯಿತು.

ಕ್ಯೂಬ್ ಬಿಡಿಸಲು ನನ್ನದು ಸಿಎಫ್‌ಒಪಿ ವಿಧಾನ: ಮೊದಲು ಕೆಳಗಿನ ಮುಖದಲ್ಲಿ ನಾಲ್ಕು ಅಂಚಿನ ಕ್ರಾಸ್, ಆಮೇಲೆ ಮೂಲೆ-ಅಂಚಿನ ನಾಲ್ಕು ಜೋಡಿ ಹಾಕಿ ಕೆಳಗಿನ ಎರಡು ಪದರ (ಎಫ್‌ಟುಎಲ್), ಆಮೇಲೆ ಮೇಲಿನ ಮುಖಕ್ಕೆ ಒಂದೇ ಬಣ್ಣ (ಓಎಲ್‌ಎಲ್), ಕೊನೆಗೆ ಆ ಪದರದ ತುಂಡುಗಳನ್ನು ಜಾಗಕ್ಕೆ ಕೂರಿಸುವುದು (ಪಿಎಲ್‌ಎಲ್). ಜೆಸಿಕಾ ಫ್ರಿಡ್ರಿಕ್ ಅನ್ನುವ ಕ್ಯೂಬರ್ 1997ರಲ್ಲಿ ತಮ್ಮ ವೆಬ್‌ಪುಟದಲ್ಲಿ ಹಾಕಿದ ಮೇಲೆ ಹೆಚ್ಚಿನ ಕ್ಯೂಬರ್‌ಗಳು ಹಿಡಿದ ದಾರಿ. ಪಿಎಲ್‌ಎಲ್‌ನ 21, ಓಎಲ್‌ಎಲ್‌ನ 57, ಎಲ್ಲ ಆಲ್ಗೊರಿದಮ್ಮೂ (ಬಾಯಿಪಾಠ ಮಾಡಿದ ಮೂವ್‌ಗಳ ಸರಣಿ) ಕೈಗೆ ಬರುತ್ತವೆ. ಆದರೂ ಸರಾಸರಿ 30 ಸೆಕೆಂಡಿನ ಹತ್ತಿರ ಗೂಟ ಹೊಡೆದುಕೊಂಡು ನಿಂತುಬಿಟ್ಟಿತ್ತು. ಬೆರಳು ಇನ್ನೂ ಚುರುಕಾಗಬೇಕು ಅಂತ ಎಲ್ಲರೂ ಹೇಳುತ್ತಿದ್ದರು.

ಈ ಕ್ಯೂಬ್ ಬೇರೆಯೇ ಕಥೆ ಹೇಳಿತು. ಸಿಎಸ್‌ಟೈಮರ್ ಪ್ರತಿ ಸಾಲ್ವನ್ನೂ ಕ್ರಾಸ್, ನಾಲ್ಕು ಜೋಡಿ, ಓಎಲ್‌ಎಲ್, ಪಿಎಲ್‌ಎಲ್ ಅಂತ ಬಿಡಿಸಿ ಇಡುತ್ತದೆ. ಒಂದೊಂದರಲ್ಲೂ ನೋಡುತ್ತಾ ನಿಂತ ಹೊತ್ತು ಎಷ್ಟು, ನಿಜಕ್ಕೂ ತಿರುಗಿಸಿದ ಹೊತ್ತು ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ. ನನ್ನ ಟೈಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎಫ್‌ಟುಎಲ್ ತಿನ್ನುತ್ತಿತ್ತು. ಅದರಲ್ಲೂ ಬಹುಪಾಲು ಸುಮ್ನೆ ನಿಂತ ಹೊತ್ತು. ಒಂದು ಜೋಡಿ ಒಳಗೆ ಹಾಕುವುದು, ನಿಲ್ಲುವುದು, ಕ್ಯೂಬನ್ನು ಆಚೆ ಈಚೆ ತಿರುಗಿಸಿ ಮುಂದಿನ ಮೂಲೆ ಎಲ್ಲಿದೆ ಅಂತ ಹುಡುಕುವುದು. ಬೆರಳಿನ ವೇಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಓಎಲ್‌ಎಲ್ಲನ್ನು ಎರಡು ಹಂತದಲ್ಲಿ ಮಾಡುವವರು 57 ಕಲಿತರೆ ಉಳಿಯುವುದು ಹೆಚ್ಚೆಂದರೆ ಒಂದೆರಡು ಸೆಕೆಂಡ್. ಇಲ್ಲಿ ಅದರ ಎಷ್ಟೋ ಪಟ್ಟು ಸೋರಿಹೋಗುತ್ತಿತ್ತು.

ಮದ್ದು ಏನು ಅಂತ ಹಳಬರು ಹೇಳುತ್ತಲೇ ಇರುತ್ತಾರೆ: ನಿಧಾನವಾಗಿ ತಿರುಗಿಸು, ಈ ಜೋಡಿ ಹಾಕುವಾಗಲೇ ಮುಂದಿನದನ್ನು ನೋಡು. ಕೇಳಿದಾಗ ಉಪದೇಶ ಅನ್ನಿಸುತ್ತದೆ. ಆದರೆ ಸೆಕೆಂಡಿಗೆ ಎಷ್ಟು ಮೂವ್ ಅನ್ನುವ ಅಂಕಿ ಇಳಿದು, ಒಟ್ಟು ಟೈಮೂ ಇಳಿದದ್ದನ್ನು ಪರದೆ ಮೇಲೆ ನೋಡಿದಾಗ ನಂಬಲೇಬೇಕಾಯಿತು. ಫೋನಿನಲ್ಲಿ ಮೆಟ್ರೊನೋಮ್ ಹಾಕಿಕೊಂಡು, ಟಿಕ್ಕಿಗೆ ಒಂದೇ ಮೂವ್, ಎಲ್ಲೂ ನಿಲ್ಲುವಂತಿಲ್ಲ. ನಿಂತರೆ ಟಿಕ್ ವೇಗ ಇನ್ನೂ ಕಡಿಮೆ ಮಾಡುವುದು.

ನನ್ನ ಅಭ್ಯಾಸ ಎಲ್ಲ ಬೆಳಿಗ್ಗೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಹೊಯ್ದರೆ ಡಿಕಾಕ್ಷನ್ ಇಳಿಯುವ ತನಕ ಹೊತ್ತು ನನ್ನದು. ಊಟದ ಮೇಜಿನ ಮೇಲೆ ಟವೆಲ್ ನಾಲ್ಕು ಮಡಿಕೆ ಮಾಡಿ ಹಾಸುತ್ತೇನೆ. ಇಲ್ಲದಿದ್ದರೆ ಕ್ಯೂಬ್ ಕೆಳಗಿಟ್ಟ ಸದ್ದಿಗೆ ಮಕ್ಕಳು ಏಳುತ್ತಾರೆ. ಮೊದಲ ಕೆಲವು ಸುತ್ತು ಕ್ರಾಸ್ ಮಾತ್ರ. ಕ್ಯೂಬನ್ನು ಹೇಗೆ ಕಲಸಿದ್ದರೂ ಕ್ರಾಸ್ ಎಂಟು ಮೂವಿನೊಳಗೆ ಮುಗಿಯುತ್ತದೆ, ಹಾಗಾಗಿ ಶುರು ಮಾಡುವ ಮೊದಲು ಕ್ಯೂಬ್ ನೋಡಿಕೊಳ್ಳಲು ಸಿಗುವ 15 ಸೆಕೆಂಡಿನ ಇನ್‌ಸ್ಪೆಕ್ಷನ್‌ನಲ್ಲಿ ಪೂರ್ತಿ ಯೋಚಿಸಲು ಸಾಧ್ಯ. ಬಿಳಿಯನ್ನು ಕೆಳಗೆ ಹಿಡಿದು, ಯೋಚಿಸಿ, ಕಣ್ಣು ಮುಚ್ಚಿ ಮಾಡಿ, ಕಣ್ಣು ತೆರೆದು ನೋಡುವುದು. ನಾಲ್ಕೂ ಅಂಚು ಸರಿಯಾಗಿ ಕೂತಿದ್ದರೆ ಆಗುವ ಖುಷಿ ಹೊಸ ದಾಖಲೆಯ ಟೈಮಿಗೂ ಆಗಲ್ಲ. ಈಗ ಮೊದಲ ಜೋಡಿ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತಲೂ ಒಮ್ಮೊಮ್ಮೆ ಹೊಳೆಯುತ್ತದೆ. "ಹಾಲು ಉಕ್ಕಿದ್ದು ನಿಮಗೆ ಕಾಣಲ್ಲ, ಆ ಮೂಲೆ ಮಾತ್ರ ಕಾಣುತ್ತೆ" ಅಂತ ಹೆಂಡತಿಯ ದೂರು.

ಸರಾಸರಿ ಈಗ 20ರ ಆಸುಪಾಸಿನಲ್ಲಿದೆ. ಅಷ್ಟಕ್ಕೆ ಐದು ಸ್ಟಾರ್ ಕೊಡಬೇಕಿತ್ತು. ಕೊಡುತ್ತಿಲ್ಲ.

ಒಂದು ಕಾರಣ ಕ್ಯೂಬಿನ ಕೈಗುಣ. ಒಳಗೆ ಬ್ಯಾಟರಿ, ಸರ್ಕ್ಯೂಟ್ ಎಲ್ಲ ಇರುವುದರಿಂದ ಭಾರ ಜಾಸ್ತಿ. ಪದರ ಪೂರ್ತಿ ಕೂರುವ ಮೊದಲೇ ಮುಂದಿನದನ್ನು ತಿರುಗಿಸಿದರೆ ನನ್ನ ಹಳೆಯ ಸಾದಾ ಮ್ಯಾಗ್ನೆಟಿಕ್ ಕ್ಯೂಬ್ ಸಲೀಸಾಗಿ ಜಾರುತ್ತದೆ, ಇದು ಕಚ್ಚಿಕೊಳ್ಳುತ್ತದೆ. ಸಿಲಿಕಾನ್ ಲ್ಯೂಬ್ ಹಾಕಿದರೆ ವಾರ ಚೆನ್ನಾಗಿರುತ್ತದೆ, ಆಮೇಲೆ ಅದೇ ಹಾಡು. ಬ್ಯಾಟರಿ ಕೂಡ ಹೊಸದರಲ್ಲಿ ಇದ್ದಷ್ಟು ಈಗ ಬರುವುದಿಲ್ಲ.

ಇನ್ನೊಂದು ಕಾರಣ, ಸ್ಪರ್ಧೆಗೆ ಇದನ್ನು ಒಯ್ಯುವ ಹಾಗಿಲ್ಲ. ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ನಿಯಮದಲ್ಲಿ ಎಲೆಕ್ಟ್ರಾನಿಕ್ಸ್ ಇರುವ ಕ್ಯೂಬಿಗೆ ಜಾಗವಿಲ್ಲ. ಬೆಂಗಳೂರಿನ ಒಂದು ಸ್ಪರ್ಧೆಗೆ ಸಾದಾ ಕ್ಯೂಬ್ ಹಿಡಿದು ಹೋದೆ. ಕೈಗೆ ಭಾರದ್ದೇ ರೂಢಿಯಾಗಿತ್ತು, ಅಲ್ಲಿ ಪದರಗಳು ಬೇಕಾದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತಿದ್ದವು. ಕೊನೆ ಪದರ 45 ಡಿಗ್ರಿಗಿಂತ ಜಾಸ್ತಿ ಓರೆ ನಿಂತರೆ ಎರಡು ಸೆಕೆಂಡ್ ದಂಡ. ನನಗೆ ಬಿತ್ತು. ಐದು ಸಾಲ್ವಿನಲ್ಲಿ ಅತಿ ಒಳ್ಳೆಯದು, ಅತಿ ಕೆಟ್ಟದ್ದು ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ, ಹಾಗಾಗಿ ಮಾನ ಉಳಿಯಿತು.

ಪಕ್ಕದಲ್ಲಿ ಮೀಸೆ ಬಾರದ ಒಬ್ಬ ಹುಡುಗ ಕೂತಿದ್ದ. ಹತ್ತು ಸೆಕೆಂಡಿನೊಳಗೆ ಮುಗಿಸಿ ಚಿಪ್ಸ್ ತಿನ್ನುತ್ತಿದ್ದ. ನಾನು ಅಭ್ಯಾಸ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿ, "ಅಂಕಲ್, ನೀವು ಮೂರನೇ ಜೋಡಿ ಆದ್ಮೇಲೆ ಯಾವಾಗ್ಲೂ ನಿಲ್ತೀರಾ" ಅಂದ. ನನ್ನ ಕ್ಯೂಬ್ ತಿಂಗಳುಗಟ್ಟಲೆ ಗ್ರಾಫ್ ಬರೆದು ಹೇಳಿದ್ದೂ ಅದನ್ನೇ. ಅವನಿಗೆ ಅರ್ಧ ಪ್ಯಾಕೆಟ್ ಚಿಪ್ಸಿನ ಹೊತ್ತು ಸಾಕಾಯಿತು.

ಹಾಗಾಗಿ ನಿಮ್ಮ ಸರಾಸರಿ ಒಂದು ನಿಮಿಷದ ಮೇಲಿದ್ದರೆ ಈ ದುಡ್ಡು ಸುರಿಯಬೇಡಿ. ಇದರ ಬೆಲೆಗೆ ಒಳ್ಳೆಯ ಸಾದಾ ಮ್ಯಾಗ್ನೆಟಿಕ್ ಕ್ಯೂಬ್ ನಾಲ್ಕೈದು ಬರುತ್ತವೆ. ಒಂದನ್ನು ತಗೊಂಡು, ಮೊದಲು ಪಿಎಲ್‌ಎಲ್ 21 ಕಲಿಯಿರಿ. ಆಮೇಲೆ ಫೋನನ್ನು ಡಬ್ಬಿಗೆ ಒರಗಿಸಿ ಕೈಯ ವಿಡಿಯೊ ತೆಗೆಯಿರಿ, ನಿಧಾನ ವೇಗದಲ್ಲಿ ಓಡಿಸಿ ಎಲ್ಲೆಲ್ಲಿ ಕೈ ನಿಂತಿತು ಅಂತ ಬರೆದಿಡಿ. ಬೇಜಾರಿನ ಕೆಲಸ, ಆದರೆ ಪುಕ್ಕಟೆ. ಮೂವತ್ತರ ಹತ್ತಿರ ಬಂದು ಸಿಕ್ಕಿಕೊಂಡಿದ್ದು, ಆ ವಿಡಿಯೊ ನೋಡುವ ತಾಳ್ಮೆ ನಿಮಗೂ ಇಲ್ಲದಿದ್ದರೆ ಇದನ್ನು ತಗೊಳ್ಳಿ. ಸ್ಟಾರ್ ಮೂರೂವರೆ, ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಆ್ಯಪಿನ ಖಾತೆಗೆ.