ಲಾವಂಚದ ಎಣ್ಣೆ: ಐದು ವರ್ಷ, ಮೂರು ಊರಿನ ಬಾಟಲಿಗಳು

ಮನೆಯಲ್ಲಿ ಸೋಪು ಮಾಡಲು ಶುರು ಮಾಡಿ ಐದು ವರ್ಷ ಆಯಿತು. ಅಂದಿನಿಂದ ಲಾವಂಚದ ಎಣ್ಣೆ ಕಪಾಟಿನಲ್ಲಿ ಇದ್ದೇ ಇದೆ. ಈಗ ಮೂರು ಬಾಟಲಿ ಇವೆ: ಇಂಡೋನೇಷ್ಯಾದ ಜಾವಾದ್ದು, ಕೆರಿಬಿಯನ್ ದೇಶ ಹೈಟಿಯದ್ದು, ಉತ್ತರ ಪ್ರದೇಶದ ಕನೌಜಿನ ರೂಹ್ ಖಸ್ (ಅಲ್ಲಿ ಲಾವಂಚದ ಎಣ್ಣೆಗೆ ಹೇಳುವ ಹೆಸರು). ಮೂರೂ ಲಾವಂಚವೇ. ಆದರೆ ಕಣ್ಣು ಮುಚ್ಚಿ ಮೂಸಿ ನೋಡಿ, ನಂಬುವುದಿಲ್ಲ.

ಜಾವಾದ್ದರಲ್ಲಿ ಹೊಗೆ ವಾಸನೆ, ಒಲೆ ಆರಿದ ಮೇಲೆ ಸೌದೆಯಿಂದ ಬರುತ್ತದಲ್ಲ, ಆ ಥರ. ಹೈಟಿಯದ್ದು ತಿಳಿ. ಚಕ್ಕೋತದ ಸಿಪ್ಪೆಯ ಚುರುಕು ಮೊದಲು, ಮರದ ವಾಸನೆ ಆಮೇಲೆ. ರೂಹ್ ಖಸ್ ಮಾತ್ರ ನಮ್ಮ ಅಜ್ಜಿ ಬೇರು ಹಾಕಿಡುತ್ತಿದ್ದ ಮಡಕೆಯ ನೀರೇ. ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುವುದರಿಂದ ಬಣ್ಣವೂ ಸ್ವಲ್ಪ ಹಸಿರು.

ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಇದು: ದಕ್ಷಿಣ ಏಷ್ಯಾದ ಹೊರಗೆ ಬೆಳೆಯುವ ಲಾವಂಚದಲ್ಲಿ ಹೆಚ್ಚಿನದು ಒಂದೇ ಗಿಡದ ಸಂತಾನ ಎಂದು 1998ರ ಡಿಎನ್‌ಎ ಪರೀಕ್ಷೆ ತೋರಿಸಿತು. ಅದು ಬೀಜ ಕಟ್ಟದ ಬಗೆ, ತೆಂಡೆ ಕಿತ್ತು ನೆಡುತ್ತಾರೆ. ಅಂದರೆ ಜಾವಾ, ಹೈಟಿಯ ಎಣ್ಣೆಗಳ ವಾಸನೆಯ ವ್ಯತ್ಯಾಸ ಹೆಚ್ಚಾಗಿ ಬರುವುದು ಮಣ್ಣು, ಮಳೆ, ಬೇರಿನ ವಯಸ್ಸು, ಭಟ್ಟಿಯ ಒತ್ತಡ ಇವುಗಳಿಂದ. ಜಾವಾದ ಗಾರುತ್‌ನದು ಜ್ವಾಲಾಮುಖಿ ಮಣ್ಣು. ಬೇರಿನೊಳಗಿನ ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಪಾಲಿದೆ. ಅವು ಇಲ್ಲದಂತೆ ಲ್ಯಾಬಿನ ಟಿಶ್ಯೂ ಕಲ್ಚರ್‌ನಲ್ಲಿ ಬೆಳೆಸಿದ ಗಿಡದಲ್ಲಿ ಎಣ್ಣೆ ಸಿಕ್ಕಿದ್ದು ಲೇಶಮಾತ್ರ!

ನಮ್ಮ ದೇಶದೊಳಗೇ ಎರಡು ಬಗೆ ಇವೆ. ಉತ್ತರದ್ದು ಹೂ ಬಿಟ್ಟು ಬೀಜ ಕಟ್ಟುತ್ತದೆ, ಅದರ ಎಣ್ಣೆ ಧ್ರುವೀಕೃತ ಬೆಳಕನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ಎಡಕ್ಕೆ ತಿರುಗಿಸುತ್ತದೆ. ದಕ್ಷಿಣದ್ದು ಬಲಕ್ಕೆ. ದಕ್ಷಿಣದ ಬೇರಿನಲ್ಲಿ ಖುಸಿಮಾಲ್ ಎಂಬ ಎಣ್ಣೆಯ ಅಂಶ ಹೆಚ್ಚು, ಉತ್ತರದ್ದರಲ್ಲಿ ಕಡಿಮೆ. ಹಾಗಾಗಿ ಲೇಬಲ್ಲಿನಲ್ಲಿ ಬರೀ 'ಭಾರತ' ಅಂತ ಇದ್ದರೆ ನಾನು ಕೊಳ್ಳುವುದಿಲ್ಲ. ಯಾವ ಊರು, ಯಾವ ಬ್ಯಾಚ್ ಎಂದು ಕೇಳುತ್ತೇನೆ. ಆ ಬ್ಯಾಚಿನ ಜಿಸಿ ರಿಪೋರ್ಟ್ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಎಣ್ಣೆಯಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಪರೀಕ್ಷೆ) ಕೊಟ್ಟರೆ ಮಾತ್ರ ದುಡ್ಡು.

ಒಮ್ಮೆ ಮೋಸ ಹೋಗಿದ್ದೇನೆ. ಆನ್‌ಲೈನಿನಲ್ಲಿ ರೂಹ್ ಖಸ್ ಎಂದು ತರಿಸಿದ್ದನ್ನು ಕಾಗದದ ಪಟ್ಟಿಗೆ ಒಂದು ಹನಿ ಹಾಕಿದೆ. ಮೂರನೇ ದಿನಕ್ಕೆ ವಾಸನೆಯೇ ಇಲ್ಲ, ಹಸಿರು ಕಲೆ ಮಾತ್ರ ಉಳಿಯಿತು. ಒಳ್ಳೆಯ ಲಾವಂಚದ ಎಣ್ಣೆ ಕಾಗದದ ಮೇಲೆ ವಾರಗಟ್ಟಲೆ ನಿಲ್ಲುತ್ತದೆ. ದುಡ್ಡು ವಾಪಸ್ ಬರಲಿಲ್ಲ, ಇವತ್ತಿಗೂ ಬೇಜಾರಿದೆ.

ಇನ್ನೊಂದು ಮಾತು. ಹೈಟಿಯ ಎರಡನೇ ಬ್ಯಾಚ್ ಬಂದಾಗ ಹಸಿ ಆಲೂಗಡ್ಡೆ ಹೆಚ್ಚಿದ ಹಾಗೆ ನಾರುತ್ತಿತ್ತು. ಕೆಟ್ಟಿದೆ ಅಂದುಕೊಂಡು ಬದಿಗಿಟ್ಟೆ. ಆರು ತಿಂಗಳ ಮೇಲೆ ಮುಚ್ಚಳ ತೆಗೆದರೆ ಆ ವಾಸನೆ ಹೋಗಿ ಎಣ್ಣೆ ಮೆದುವಾಗಿತ್ತು. ಹೊಸ ಎಣ್ಣೆಗೆ ಇದು ಸಹಜ, ಅವಸರದಲ್ಲಿ ಚೆಲ್ಲಬೇಡಿ.

ಸೋಪಿಗೆ ನಾನು ಹಾಕುವುದು ಹೈಟಿಯದ್ದು. ಜಾವಾದ್ದು ಧೂಪಕ್ಕೆ ಚೆನ್ನ. ರೂಹ್ ಖಸ್ ತುಟ್ಟಿ, ಸೋಪಿಗೆ ಸುರಿಯಲು ಮನಸ್ಸು ಬರುವುದಿಲ್ಲ. ಜೇನಿನಷ್ಟು ಮಂದ, ಬಾಟಲಿಯನ್ನು ಅಂಗೈಯಲ್ಲಿ ಬಿಸಿ ಮಾಡಿದರೇ ಹನಿ ಬೀಳುವುದು. ಹತ್ತಿ ಉಂಡೆಗೆ ಒಂದು ಹನಿ ಹಾಕಿ, ಪುಟ್ಟ ಡಬ್ಬಿಯಲ್ಲಿಟ್ಟು, ಯುಗಾದಿಗೆ ಅಮ್ಮನ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೆ. ದೀಪಾವಳಿಗೆ ಬೀರು ತೆಗೆದಾಗಲೂ ಘಮ ಇತ್ತು.