ಗಡಿ ಜಗಳ: ಮಾತುಕತೆಯೋ, ಕೋರ್ಟೋ, ಮಧ್ಯಸ್ಥರೋ?

ವಸಾಹತು ದೊರೆಗಳು ಬಿಟ್ಟುಹೋದ ಗಡಿ ಜಗಳ ಬಗೆಹರಿಸಲು ಮಾತುಕತೆ, ಕೋರ್ಟು, ಮಧ್ಯಸ್ಥರು ಈ ಮೂರರಲ್ಲಿ ಯಾವ ದಾರಿಯ ಪರ ಚರ್ಚಾಸ್ಪರ್ಧೆಯಲ್ಲಿ ವಾದಿಸಲಿ ಅಂತ ಕೇಳಿದ್ದೀರಿ. ಅವರು ಎಳೆದುಹೋದ ಗೆರೆ ಈಗ ಯಾವ ಸ್ಥಿತಿಯಲ್ಲಿದೆ ಅನ್ನೋದನ್ನು ಮೊದಲು ನೋಡಿ.

ಹೊರಗಿನವರ ಹಂಗು ಬೇಡ ಅಂದರೆ ನೇರ ಮಾತುಕತೆ. ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಭಾರತ, ಬಾಂಗ್ಲಾದೇಶ 1974ರಲ್ಲೇ ಒಪ್ಪಂದ ಮಾಡಿಕೊಂಡವು. ಒಂದರ ಒಡಲಲ್ಲಿ ಇನ್ನೊಂದರದು ಸಿಕ್ಕಿಕೊಂಡಿದ್ದ 162 ತುಂಡು ನೆಲ ಕೈಬದಲಾಗಿದ್ದು 2015ರಲ್ಲಿ!

ಕೋರ್ಟಿಗೆ ಬೇಕಾದ್ದು ಕಾಗದಪತ್ರ. ಆಫ್ರಿಕಾದಲ್ಲಿ ಎರಡು ದೇಶಗಳ ಗಡಿಯಲ್ಲಿರುವ ಬಕಾಸಿ ಪರ್ಯಾಯ ದ್ವೀಪಕ್ಕಾಗಿ ಕ್ಯಾಮರೂನ್ 1994ರಲ್ಲಿ ನೈಜೀರಿಯಾ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 2002ರಲ್ಲಿ ಗೆದ್ದಿತು. ಆಧಾರ? ಆಗ ಅಲ್ಲಿನ ದೊರೆಗಳಾಗಿದ್ದ ಬ್ರಿಟನ್ ಮತ್ತು ಜರ್ಮನಿ 1913ರಲ್ಲಿ ಮಾಡಿಕೊಂಡ ಒಪ್ಪಂದ. ಅಲ್ಲಿ ವಾಸವಿದ್ದವರಲ್ಲಿ ಹೆಚ್ಚಿನವರು ನೈಜೀರಿಯಾದವರು ಅನ್ನೋದು ತೀರ್ಪನ್ನು ಬದಲಿಸಲಿಲ್ಲ. ನನಗೆ ಇದೇ ಕಸಿವಿಸಿ: ಹಳೆಯ ದೊರೆಗಳ ಸಹಿಗೆ ಇನ್ನೂ ಅಷ್ಟು ಬೆಲೆ. ತೀರ್ಪು ಬಂದ ಮಾತ್ರಕ್ಕೆ ಮುಗಿಯಲೂ ಇಲ್ಲ. ವಿಶ್ವಸಂಸ್ಥೆ ನಡುವೆ ನಿಂತು 2006ರಲ್ಲಿ ಇನ್ನೊಂದು ಒಪ್ಪಂದ ಮಾಡಿಸಿದ ಮೇಲೆ, 2008ರಲ್ಲಿ ಹಸ್ತಾಂತರ ಪೂರ್ತಿಯಾಯಿತು.

ಯುದ್ಧ ಬಾಗಿಲಿಗೆ ಬಂದಾಗ ಮಧ್ಯಸ್ಥರೇ ವಾಸಿ. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಬೀಗಲ್ ಜಲಸಂಧಿಯ ದ್ವೀಪಗಳು ಚಿಲಿಗೆ ಅಂತ 1977ರಲ್ಲಿ ಅಂತರರಾಷ್ಟ್ರೀಯ ಪಂಚರ ತೀರ್ಮಾನವಾದರೂ ಅರ್ಜೆಂಟೀನಾ ಒಪ್ಪಲಿಲ್ಲ. ಮರುವರ್ಷ ಸೇನೆಗಳು ಎದುರುಬದುರಾದವು. ಪೋಪ್ ನಡುವೆ ಬಂದು, 1984ರಲ್ಲಿ ಒಪ್ಪಂದವಾಯಿತು. ಪೋಪ್‌ಗೆ ಅಲ್ಲಿ ನೆಲದಾಸೆ ಇರಲಿಲ್ಲ, ಅಲ್ವಾ? ಸೇನಾ ನೆಲೆ ಕೇಳುವ ದೊಡ್ಡ ದೇಶ ಮಧ್ಯಸ್ಥನಾದರೆ ಲೆಕ್ಕವೇ ಬೇರೆ.

ಹಾಗಾಗಿ ದಾಖಲೆ ಗಟ್ಟಿಯಿದ್ದು ಇಬ್ಬರೂ ತೀರ್ಪಿಗೆ ತಲೆಬಾಗುವಂತಿದ್ದರೆ ಕೋರ್ಟಿನ ಪರ ವಾದಿಸಿ. ಜನರ ಬದುಕೇ ಮುಖ್ಯವಾದಲ್ಲಿ, ನಿಧಾನವಾದರೂ ಮಾತುಕತೆಯ ಪರ.